ಮಾಂಗಾ ಪಟ್ಟಿಗೆ ಅನಿಮೆಯ ಅಂಕ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ‘ಓದಲೇಬೇಕಾದ ಹತ್ತು ಮಾಂಗಾ’ ಪಟ್ಟಿಯ ಬಗ್ಗೆ ಈ ಪತ್ರ. ಕನ್ನಡ ಪತ್ರಿಕೆಯೊಂದು ಮಾಂಗಾಕ್ಕೆ, ಅಂದರೆ ಜಪಾನಿ ಚಿತ್ರಕತೆಗಳಿಗೆ, ಅರ್ಧ ಪುಟ ಬಿಟ್ಟುಕೊಟ್ಟದ್ದು ಸಂತೋಷದ ಸಂಗತಿಯೇ. ಯಾವುದು ಮೊದಲು, ಯಾವುದು ಕೊನೆ ಎಂಬುದಕ್ಕೆ ನನ್ನ ಜಗಳವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅವರವರ ಪಟ್ಟಿ ಅವರವರಿಗೆ ಚೆಂದ. ತಕರಾರು ಇರುವುದು ಬೇರೆ ಕಡೆ. ಆ ಪಟ್ಟಿ ಮಾಂಗಾ ಓದಿ ಮಾಡಿದ್ದಲ್ಲ, ಅವುಗಳಿಂದ ತೆಗೆದ ಅನಿಮೆ (ಜಪಾನಿ ಆನಿಮೇಷನ್) ನೋಡಿ ಮಾಡಿದ್ದು.

ಸಾಕ್ಷಿ ಪಟ್ಟಿಯಲ್ಲೇ ಇದೆ. ಆರನೇ ಸ್ಥಾನದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಬಗ್ಗೆ ಬರೆಯುತ್ತ, ನಾಯಕ ಎಡ್ವರ್ಡ್ ಕೊನೆಗೆ ನಮ್ಮ ಲೋಕದ ಜರ್ಮನಿಗೆ ಬಂದು ಸಿಕ್ಕಿಹಾಕಿಕೊಳ್ಳುವುದು ಸಪ್ಪೆಯಾಯಿತು ಎಂದಿದ್ದಾರೆ. ಹಿರೊಮು ಅರಕಾವಾ ಬರೆದು ಬಿಡಿಸಿದ 27 ಸಂಪುಟಗಳನ್ನು ಜಾಲಾಡಿದರೂ ಅಂಥ ಮುಕ್ತಾಯ ಸಿಗುವುದಿಲ್ಲ. ಅದು 2003ರ ಟಿ.ವಿ. ಸರಣಿಯದು. ಮಾಂಗಾ 2001ರಲ್ಲಿ ಶುರುವಾಗಿತ್ತು, ತಿಂಗಳಿಗೊಂದು ಅಧ್ಯಾಯ. ಟಿ.ವಿ.ಯವರು ಕೈಹಾಕಿದಾಗ ಮುಂದಿನ ಕತೆಯೇ ಇರಲಿಲ್ಲ. ಹಾಗಾಗಿ ನಡುದಾರಿಯಿಂದ ಬೇರೆ ರಸ್ತೆ ಹಿಡಿದು ತಮ್ಮದೇ ಮುಕ್ತಾಯ ಹೊಲಿದರು. ಮಾಂಗಾ ಮುಗಿದದ್ದು 2010ರಲ್ಲಿ, 108ನೇ ಅಧ್ಯಾಯಕ್ಕೆ. ಆ ಮುಕ್ತಾಯವನ್ನು ಅನುಸರಿಸಿದ ಟಿ.ವಿ. ಸರಣಿ 2009ರಲ್ಲಿ ಶುರುವಾದ ‘ಬ್ರದರ್‌ಹುಡ್’. ಒಬ್ಬರು ಬರೆದ ಉತ್ತರಕ್ಕೆ ಇನ್ನೊಬ್ಬರ ಅಂಕ ಕತ್ತರಿಸಿದ ಹಾಗಾಯಿತು ಇದು.

ಹೆಸರಿನ ಬಗ್ಗೆಯೂ ಒಂದು ಮಾತು. ಶೀರ್ಷಿಕೆಯಲ್ಲಿ ‘ಮಾಂಗಾ’, ಒಳಗೆ ‘ಮ್ಯಾಂಗಾ’, ಚಿತ್ರದಡಿಯಲ್ಲಿ ‘ಮಂಗಾ’ ಎಂದು ಮೂರು ಬಗೆಯಾಗಿದೆ. ಜಪಾನಿಯರ ಬಾಯಲ್ಲಿ ಅದು ನಿಜಕ್ಕೂ ‘ಮಂಗ’ಕ್ಕೇ ಹತ್ತಿರ. ಆದರೆ ಕನ್ನಡದಲ್ಲಿ ಹಾಗೆ ಬರೆದರೆ ಓದುಗರ ಕಣ್ಣು ಮರದ ಕೊಂಬೆಯತ್ತ ಹೋಗುತ್ತದೆ. ‘ಮಾಂಗಾ’ ಎಂದೇ ಇಟ್ಟುಕೊಳ್ಳೋಣ, ಎಲ್ಲ ಕಡೆಯೂ.

ಅನಿಮೆ ನೋಡಿ ಮಾಂಗಾಕ್ಕೆ ಅಂಕ ಕೊಟ್ಟರೆ ಏನು ಮುಳುಗಿಹೋಯಿತು ಎಂದು ಕೇಳಬಹುದು. ಕತೆ ಒಂದೇ ಆದರೂ ಕಸುಬು ಬೇರೆ. ಅನಿಮೆಗೆ ಬಣ್ಣ, ಚಲನೆ, ದನಿ, ಸಂಗೀತ ಎಲ್ಲ ಇವೆ. ಮಾಂಗಾದವನ ಕೈಯಲ್ಲಿ ಕಪ್ಪು ಮಸಿ, ಚೌಕಟ್ಟು ಮತ್ತು ಪುಟ, ಇಷ್ಟೇ. ‘ಡೀಮನ್ ಸ್ಲೇಯರ್’ ಅನ್ನು ನೀವು ಎರಡನೇ ಸ್ಥಾನಕ್ಕೆ ಏರಿಸಲು ಕೊಟ್ಟ ಕಾರಣ ‘ಕಣ್ಣು ಕೋರೈಸುವ ಬೆಂಕಿ ಮತ್ತು ನೀರಿನ ದೃಶ್ಯಗಳು’. ಅವು 2019ರ ಅನಿಮೆಯ ಬೆಂಕಿ, ಅನಿಮೆಯ ನೀರು. ಕೊಯೊಹಾರು ಗೊತೊಗೆ ಅವರ 23 ಸಂಪುಟಗಳಲ್ಲಿ ಬಣ್ಣವಿಲ್ಲ. ಕಾಳಗದ ಪುಟಗಳು ಕೆಲವೊಮ್ಮೆ ಗೋಜಲಾಗಿ, ಯಾರ ಕತ್ತಿ ಯಾರಿಗೆ ತಗುಲಿತು ಎಂದು ಹಿಂದೆ ತಿರುಗಿಸಿ ನೋಡಬೇಕಾಗುತ್ತದೆ. ಅದರ ನಿಜವಾದ ಬಲ ಬೇರೆಯೇ: ಸಾಯುವ ರಾಕ್ಷಸನ ಹಿಂದಿನ ಬದುಕನ್ನು ನಾಲ್ಕಾರು ಪುಟದಲ್ಲಿ ಹೇಳಿ ಮುಗಿಸುವ ಮಿತವ್ಯಯ, ಮತ್ತು ಜನಪ್ರಿಯತೆಯ ತುತ್ತತುದಿಯಲ್ಲಿರುವಾಗಲೇ 2020ರಲ್ಲಿ ಕತೆ ನಿಲ್ಲಿಸಿದ ಧೈರ್ಯ. ಇವಕ್ಕೆ ಅಂಕ ಕೊಟ್ಟಿದ್ದರೆ ನನ್ನದೇನೂ ಮಾತಿರಲಿಲ್ಲ.

ಪುಟದ ಕಸುಬು ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಓದುವಾಗ ಅದು ಕಣ್ಣಿಗೇ ಬೀಳದ ಹಾಗೆ ಕೆಲಸ ಮಾಡುತ್ತದೆ. ಜಪಾನಿ ಪುಸ್ತಕಕ್ಕೆ ಹೊಲಿಗೆ ಬಲಗಡೆ. ತೆರೆದಾಗ ಬಲಪುಟ ಮೊದಲು, ಎಡಪುಟ ಆಮೇಲೆ. ಪ್ರತಿ ಪುಟದಲ್ಲೂ ಬಲಮೇಲಿನಿಂದ ಎಡಕೆಳಕ್ಕೆ ಓದು. ಅಂದರೆ ಎಡಪುಟದ ಕೆಳಗಿನ ಎಡಮೂಲೆಯ ಚೌಕಟ್ಟೇ ಹಾಳೆ ತಿರುಗುವ ಮುಂಚಿನ ಕೊನೆಯ ಚೌಕಟ್ಟು. ಒಳ್ಳೆಯ ಕಲಾವಿದ ಅಲ್ಲೊಂದು ಕೊಕ್ಕೆ ಇಡುತ್ತಾನೆ: ಬಾಗಿಲ ಸದ್ದು, ಯಾರೋ ತಿರುಗಿ ನೋಡಿದ ಮುಖ, ಅರ್ಧಕ್ಕೆ ನಿಂತ ಮಾತು. ಹಾಳೆ ಮಗುಚಿದರೆ ಅದರ ಉತ್ತರ. ಬೆಚ್ಚಿಬೀಳಿಸುವ ದೊಡ್ಡ ಚಿತ್ರ ಎಡಪುಟದಲ್ಲಿದ್ದರೆ ಬಲಪುಟ ಓದುವಾಗಲೇ ಓರೆಗಣ್ಣಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಅಂಥ ಚಿತ್ರಗಳು ಸಾಮಾನ್ಯವಾಗಿ ಬಲಪುಟದಲ್ಲಿ ಅಥವಾ ಎರಡೂ ಪುಟ ತುಂಬಿ ಬರುತ್ತವೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿಯಲ್ಲಿ ‘ಮುಂದುವರಿಯುವುದು’ ಎಂಬ ಪದದ ಮುಂಚಿನ ಸಾಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎರಡೆರಡು ಪುಟಕ್ಕೊಮ್ಮೆ ಮಾಡಬೇಕು. ಫೋನಿನಲ್ಲಿ ಒಂದೊಂದೇ ಪುಟವಾಗಿ ಓದುವವರಿಗೆ ಜೋಡಿಪುಟ ನಡುವೆ ಸೀಳಿಹೋಗುತ್ತದೆ, ಕೊಕ್ಕೆಯೂ ಸಡಿಲವಾಗುತ್ತದೆ. ಫೋನನ್ನು ಅಡ್ಡ ಹಿಡಿದು ಜೋಡಿಪುಟದ ಆಯ್ಕೆ ಹಾಕಿಕೊಂಡರೆ ಪರವಾಗಿಲ್ಲ, ಅಕ್ಷರ ಮಾತ್ರ ಸಣ್ಣದಾಗುತ್ತದೆ. ಮೇಲಿನಿಂದ ಕೆಳಕ್ಕೆ ಜಾರಿಸುತ್ತ ಓದುವ ಕ್ರಮ ಕೊರಿಯಾದ ವೆಬ್‌ಟೂನ್ ಎಂಬ ಆನ್‌ಲೈನ್ ಚಿತ್ರಕತೆಗಳಿಗೆ ಸರಿ, ಅವನ್ನು ಬಿಡಿಸುವುದೇ ಹಾಗೆ. ಮಾಂಗಾವನ್ನು ಹಾಗೆ ಓದಿ ‘ಗತಿ ನಿಧಾನ’ ಎಂದು ಅಂಕ ಕಡಿಮೆ ಮಾಡುವುದು ಅನ್ಯಾಯ.

ಈ ಕಸುಬು ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ತೋರಿಸಲು ನಾನು ಯಾರ ಕೈಗಾದರೂ ಕೊಡುವುದು ತಕೆಹಿಕೊ ಇನೋವೆಯ ಬಾಸ್ಕೆಟ್‌ಬಾಲ್ ಕತೆ ‘ಸ್ಲ್ಯಾಮ್ ಡಂಕ್’ (1990–1996, 31 ಸಂಪುಟ). ನಿಮ್ಮ ಹತ್ತರಲ್ಲಿ ಅದು ಒಂಬತ್ತನೆಯದು, ‘ಹಳೆಯ ಕ್ರೀಡಾ ಹಾಸ್ಯ’ ಎಂಬ ಒಂದು ಸಾಲಿನ ಷರಾ ಜೊತೆಗೆ. ತೊಂಬತ್ತರ ದಶಕದ ಟಿ.ವಿ. ಸರಣಿ ನೋಡಿದವರು ಹಾಗೆ ಹೇಳಿದರೆ ತಪ್ಪಿಲ್ಲ. 101 ಕಂತಾದರೂ ಅದು ಕತೆಯ ಕೊನೆಯ ಪಂದ್ಯವನ್ನೇ ಮುಟ್ಟಲಿಲ್ಲ. ಸಾನ್ನೊ ಶಾಲೆಯ ವಿರುದ್ಧದ ಆ ಪಂದ್ಯ ಪರದೆಗೆ ಬಂದದ್ದು 2022ರ ಚಲನಚಿತ್ರದಲ್ಲಿ. ಮಾಂಗಾದಲ್ಲಿ ಅದು 25ನೇ ಸಂಪುಟದಿಂದ ಕೊನೆಯವರೆಗೆ ನಡೆಯುತ್ತದೆ. ಬಾಸ್ಕೆಟ್‌ಬಾಲ್‌ನ ನಲವತ್ತು ನಿಮಿಷಕ್ಕೆ ಆರು ಸಂಪುಟಕ್ಕೂ ಮಿಕ್ಕಿ ಪುಟ! ಕೊನೆಯ ಸೆಕೆಂಡುಗಳು ಹತ್ತಿರವಾದಂತೆ ವ್ಯಾಖ್ಯಾನ ನಿಲ್ಲುತ್ತದೆ, ಪ್ರೇಕ್ಷಕರ ಕೂಗಿನ ಅಕ್ಷರಗಳು ಮಾಯವಾಗುತ್ತವೆ, ಮಾತಿನ ಗುಳ್ಳೆಗಳು ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತವೆ. ಬೂಟು, ಬೆವರು, ಬೆರಳು, ಬುಟ್ಟಿಯ ಅಂಚು. ಓದುವ ವೇಗ ತಾನಾಗಿ ಏರುತ್ತದೆ, ಓದಲು ಅಕ್ಷರವೇ ಇಲ್ಲವಲ್ಲ! ಆ ಮೌನದಲ್ಲಿ ನಾಯಕ ಸಾಕುರಾಗಿಯ ಬಾಯಿಂದ ಒಂದು ಗೊಣಗು: ‘ಎಡಗೈ ಬರೀ ಆಸರೆಗೆ’. ಮೊದಲ ಸಂಪುಟಗಳಲ್ಲಿ ಚೆಂಡು ಹಿಡಿಯಲೂ ಬಾರದ ಹುಡುಗನಿಗೆ ಹೇಳಿಕೊಟ್ಟ ಪಾಠ ಅದು. ಬಲಗೈ ಎಸೆಯಬೇಕು, ಎಡಗೈ ಸುಮ್ಮನೆ ಪಕ್ಕಕ್ಕಿರಬೇಕು. ಅದಾದ ಮೇಲೆ, ಕತೆಯುದ್ದಕ್ಕೂ ಮುಖ ಕಂಡರಾಗದ ಇಬ್ಬರು ಹುಡುಗರು ಅಂಗೈಗೆ ಅಂಗೈ ಬಡಿಯುವ ಒಂದು ಜೋಡಿಪುಟ. ಫಲಿತಾಂಶ ಇಲ್ಲಿ ಹೇಳುವುದಿಲ್ಲ. ಸಂಗೀತ ಹಾಕಿ, ನಿಧಾನಗತಿಯಲ್ಲಿ ತೋರಿಸಿ ಮಾಡುವ ಪರಿಣಾಮವನ್ನು ಇನೋವೆ ಮಸಿ ಮತ್ತು ಖಾಲಿ ಜಾಗದಲ್ಲಿ ಮಾಡಿ ತೋರಿಸಿದ್ದಾನೆ. ನನ್ನ ಪಟ್ಟಿಯ ಮೊದಲ ಹೆಸರು ಅದು, ಎರಡು ಮಾತಿಲ್ಲ.

ಸ್ಥಾನ ಕೊಡುವುದು ಮಾಂಗಾ ಲೋಕಕ್ಕೆ ಹೊರಗಿನಿಂದ ಬಂದ ಚಟವೂ ಅಲ್ಲ. ‘ಸ್ಲ್ಯಾಮ್ ಡಂಕ್’ ಬರುತ್ತಿದ್ದ ‘ಶೋನೆನ್ ಜಂಪ್’ ವಾರಪತ್ರಿಕೆ (ಆರಂಭ 1968, 1994ರ ಕೊನೆಯ ಹೊತ್ತಿಗೆ ಪ್ರಸಾರ 65 ಲಕ್ಷ ದಾಟಿತ್ತು) ನಡೆಯುವುದೇ ಓದುಗರ ಪಟ್ಟಿಯ ಮೇಲೆ. ಸಂಚಿಕೆಯೊಳಗೆ ಒಂದು ಅಂಚೆ ಕಾರ್ಡು. ಈ ವಾರ ಹಿಡಿಸಿದ ಮೂರು ಕತೆ ಗುರುತಿಸಿ ಕಳಿಸಬೇಕು. ಕೆಳಗೇ ಉಳಿದ ಹೊಸ ಕತೆಯನ್ನು ಎರಡು ಮೂರು ಸಂಪುಟದೊಳಗೆ ಮುಗಿಸಿಬಿಡುತ್ತಾರೆ, ಕೆಲವಕ್ಕೆ ಹತ್ತೇ ವಾರದ ಆಯುಷ್ಯ. ಇದರ ಗಾಯದ ಗುರುತುಗಳು ಕತೆಗಳ ಮೈಮೇಲೇ ಇವೆ. ಪ್ರಯಾಣದ ಕತೆಯಾಗಿ ಶುರುವಾದದ್ದು ದಿಢೀರನೆ ಕುಸ್ತಿ ಪಂದ್ಯಾವಳಿಯಾಗುವುದು, ಗೆದ್ದ ವೈರಿಗಿಂತ ಬಲಶಾಲಿ ವೈರಿ ಮರುವಾರವೇ ಹುಟ್ಟುವುದು. ಅಕಿರಾ ತೋರಿಯಾಮಾನ ‘ಡ್ರ್ಯಾಗನ್ ಬಾಲ್’ (1984–1995, 42 ಸಂಪುಟ) ಮೊದಲಲ್ಲಿ ಏಳು ಮಾಂತ್ರಿಕ ಗೋಳಗಳನ್ನು ಹುಡುಕುವ ತಮಾಷೆಯ ಅಲೆದಾಟ. ಅದರ ಜನಪ್ರಿಯತೆ ಮೇಲೆದ್ದದ್ದು ಕಾಳಗದ ಪಂದ್ಯಾವಳಿ ಬಂದ ಮೇಲೆ. ಹಾಗಾಗಿ ವಾರದ ಕತೆಗಳನ್ನೂ ತಿಂಗಳ ಕತೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಇದರ ಗತಿ ಎಷ್ಟು ಬಿಗಿ, ಅದು ಎಷ್ಟು ಎಳೆದಾಟ’ ಎನ್ನುವಾಗ ಸ್ವಲ್ಪ ತಡೆಯಬೇಕು. ವಾರಕ್ಕೆ ಸುಮಾರು 19 ಪುಟ ಒಪ್ಪಿಸುವವನ ಕಷ್ಟ ಬೇರೆ. ತಿಂಗಳಿಗೆ ನಲವತ್ತು ಚಿಲ್ಲರೆ ಪುಟದ ಒಂದು ಕಂತನ್ನು ಯೋಚಿಸಿ ಕಟ್ಟುವವರ ಅನುಕೂಲ ಬೇರೆ. ‘ಫುಲ್‌ಮೆಟಲ್’ನಲ್ಲಿ ಎರಡನೇ ಸಂಪುಟದಲ್ಲಿ ಬಿತ್ತಿದ್ದು ಇಪ್ಪತ್ತೈದರಲ್ಲಿ ಮೊಳೆಯುವುದಕ್ಕೆ ಅರಕಾವಾ ಅವರ ಪ್ರತಿಭೆಯಷ್ಟೇ ಆ ತಿಂಗಳ ಲೆಕ್ಕವೂ ಕಾರಣ.

ಇನ್ನು ‘ಶೋನೆನ್’, ‘ಸೈನೆನ್’, ‘ಶೋಜೊ’ ಎಂಬುವನ್ನು ನಿಮ್ಮ ಲೇಖನ ‘ಸಾಹಸ’, ‘ಕ್ರೌರ್ಯ’, ‘ಪ್ರೇಮ’ ಎಂಬ ಪ್ರಕಾರಗಳೆಂದು ಬಗೆದಿದೆ. ಅವು ಪ್ರಕಾರಗಳಲ್ಲ, ಪತ್ರಿಕೆ ಯಾರಿಗಾಗಿ ಮಾರಾಟವಾಗುತ್ತದೆ ಎಂಬ ಗುರುತು: ಹುಡುಗರು, ಬೆಳೆದ ಗಂಡಸರು, ಹುಡುಗಿಯರು. ನಮ್ಮ ಮನೆಗಳ ಟಿ.ವಿ.ಯಲ್ಲಿ ಮಕ್ಕಳ ಕಾರ್ಯಕ್ರಮವಾಗಿ ಓಡುವ ‘ಶಿನ್‌ಚಾನ್’ 1990ರಲ್ಲಿ ಶುರುವಾದದ್ದು ದೊಡ್ಡವರ ಪತ್ರಿಕೆಯಲ್ಲಿ. ಕೊಲೆಯೇ ಕತೆಯ ಜೀವಾಳವಾದ ‘ಡೆತ್ ನೋಟ್’ ಬಂದದ್ದು ಹುಡುಗರ ‘ಜಂಪ್’ನಲ್ಲಿ.

ಪಟ್ಟಿ ಮಾಡುವ ಕ್ರಮಕ್ಕೆ ಬರುತ್ತೇನೆ. ಹತ್ತಕ್ಕೆ ಇಷ್ಟು ಅಂಕ ಎಂದು ಕೊಡಲು ಹೋದರೆ ಎಲ್ಲವೂ ಏಳೂವರೆಗೂ ಒಂಬತ್ತಕ್ಕೂ ನಡುವೆ ಬಂದು ಗುಂಪುಗೂಡುತ್ತವೆ. ಎಂಟಕ್ಕೂ ಎಂಟೂಕಾಲಿಗೂ ವ್ಯತ್ಯಾಸವೇನು ಎಂದರೆ ಕೊಟ್ಟವರಿಗೇ ಗೊತ್ತಿರುವುದಿಲ್ಲ. ಅಂಕ ಬಿಟ್ಟು ಎರಡೆರಡನ್ನೇ ಹೋಲಿಸಿ. ಕೇಳಿಕೊಳ್ಳುವ ಪ್ರಶ್ನೆಯೂ ಒಂದೇ ಇರಲಿ: ಇವೆರಡರಲ್ಲಿ ಇವತ್ತು ಯಾವುದನ್ನು ಮೊದಲಿನಿಂದ ಮತ್ತೆ ಓದಲು ಕೂರುತ್ತೇನೆ? ಹೊಸದೊಂದು ಸೇರಿಸುವಾಗ ಪಟ್ಟಿಯ ನಟ್ಟನಡುವಿನ ಹೆಸರಿನ ಜೊತೆ ಮೊದಲು ಹೋಲಿಸಿ. ಗೆದ್ದರೆ ಮೇಲಿನ ಅರ್ಧದ ನಡುವಿನದು, ಸೋತರೆ ಕೆಳಗಿನ ಅರ್ಧದ ನಡುವಿನದು. ಹದಿನೈದು ಹೆಸರಿನ ಪಟ್ಟಿಗೆ ಹದಿನಾರನೆಯದನ್ನು ಕೂರಿಸಲು ನಾಲ್ಕೇ ಹೋಲಿಕೆ ಸಾಕು. ಓದಿ ಮುಗಿಸಿದ ದಿನವೇ ಕೂರಿಸಬೇಡಿ, ಆ ಬಿಸಿಯಲ್ಲಿ ಎಲ್ಲವೂ ಒಂದನೇ ಸ್ಥಾನಕ್ಕೇ ಹೋಗುತ್ತವೆ. ಒಂದು ತಿಂಗಳು ಬಿಟ್ಟು ನೆನಪಿನಲ್ಲಿ ಏನು ಉಳಿದಿದೆ ನೋಡಿ.

ಎಷ್ಟು ಓದಿದ ಮೇಲೆ ತೀರ್ಪು? ನನ್ನ ಅಳತೆ ಮೂರು ಸಂಪುಟ. ವಾರದ ಕತೆಯಾದರೆ ಅದು ಇಪ್ಪತ್ತೈದು ಮೂವತ್ತು ಅಧ್ಯಾಯ. ಬಿಡಬೇಕೋ ಹಿಡಿಯಬೇಕೋ ತಿಳಿಯುತ್ತದೆ. ಕಡಲ್ಗಳ್ಳರ ಉದ್ದದ ಕತೆ ‘ಒನ್ ಪೀಸ್’ಗೆ ಮಾತ್ರ ರಿಯಾಯಿತಿ ಬೇಕು, ಆರ್ಲಾಂಗ್ ಎಂಬ ಖಳನ ಪ್ರಸಂಗ ಮುಗಿಯುವ 11ನೇ ಸಂಪುಟದವರೆಗೆ. ಅಲ್ಲಿಗೂ ಹಿಡಿಸದಿದ್ದರೆ ನೂರನೆಯದರಲ್ಲಿ ಹಿಡಿಸುತ್ತದೆ ಎನ್ನುವವರ ಮಾತು ಕೇಳಬೇಡಿ. ಉದ್ದದ ಸರಣಿಗಳಿಗೆ ಸಿಗುವ ಭಾರಿ ಸರಾಸರಿ ಅಂಕಗಳ ಗುಟ್ಟೂ ಇದೇ. ಹಿಡಿಸದವರು ಮೂರನೇ ಸಂಪುಟದಲ್ಲೇ ಎದ್ದು ಹೋಗಿರುತ್ತಾರೆ. 110 ಸಂಪುಟ ದಾಟಿದ ಮೇಲೂ ಕೂತಿರುವವರು ಭಕ್ತರು. ಊಟದ ಕೊನೆಯ ಪಂಕ್ತಿಯವರನ್ನಷ್ಟೇ ಕೇಳಿ ಅಡುಗೆಯ ರುಚಿ ನಿರ್ಧರಿಸಿದಂತೆ.

ಮುಗಿಯದ ಕತೆಗಳನ್ನು ಮುಗಿದವುಗಳ ಜೊತೆ ಸೇರಿಸಲೇಬಾರದು. ಇನೋವೆಯದೇ ‘ವ್ಯಾಗಬಾಂಡ್’ ಚಿತ್ರದ ದೃಷ್ಟಿಯಿಂದ ‘ಸ್ಲ್ಯಾಮ್ ಡಂಕ್’ಗಿಂತ ಎಷ್ಟೋ ಎತ್ತರದ್ದು, ಕುಂಚ ಹಿಡಿದು ಬಿಡಿಸಿದ ಹುಲ್ಲು, ಮಳೆ, ಕಿವಿ ಕೇಳದ ಕತ್ತಿವೀರ ಕೊಜಿರೊನ ಕಣ್ಣು. ಆದರೆ 37 ಸಂಪುಟಕ್ಕೆ, 2015ರಲ್ಲಿ ನಿಂತದ್ದು ನಿಂತೇ ಇದೆ. ‘ಬರ್ಸರ್ಕ್’ನ ಕೆಂಟಾರೊ ಮಿಯುರಾ 2021ರ ಮೇ ತಿಂಗಳಲ್ಲಿ ತೀರಿಕೊಂಡರು, ಗೆಳೆಯ ಕೋಜಿ ಮೋರಿ, ತನಗೆ ಮಿಯುರಾ ಹೇಳಿದ್ದ ಕತೆಯ ನೆನಪಿನ ಆಧಾರದಲ್ಲಿ, ಅವರ ಶಿಷ್ಯರ ಸ್ಟುಡಿಯೊದಿಂದ 2022ರಲ್ಲಿ ಮುಂದುವರಿಸಿದರು. 41ನೇ ಸಂಪುಟದವರೆಗಿನ ಕೈಗೂ ಆಮೇಲಿನ ಕೈಗೂ ಒಂದೇ ಸ್ಥಾನ ಹೇಗೆ ಕೊಡುವುದು? ಇಂಥವಕ್ಕೆ ಪಕ್ಕದಲ್ಲಿ ಬೇರೆ ಪಟ್ಟಿ ಇರಲಿ.

ನನ್ನ ಮುಗಿದವುಗಳ ಪಟ್ಟಿಯಲ್ಲಿ ‘ಸ್ಲ್ಯಾಮ್ ಡಂಕ್’ ಆದ ಮೇಲೆ ‘ಫುಲ್‌ಮೆಟಲ್’, ಕಾರಣ ಹೇಳಿಯಾಯಿತು. ಮೂರನೆಯದು ನಾವೋಕಿ ಉರಾಸಾವಾನ ‘ಮಾನ್‌ಸ್ಟರ್’ (1994–2001, 18 ಸಂಪುಟ, ಇಂಗ್ಲಿಷಿನ ದಪ್ಪ ಆವೃತ್ತಿಯಲ್ಲಿ 9). ಜರ್ಮನಿಯಲ್ಲಿರುವ ಜಪಾನಿ ಮೆದುಳು ಶಸ್ತ್ರವೈದ್ಯ ಡಾ. ತೆನ್ಮಾ, ಊರಿನ ಮೇಯರ್‌ನನ್ನು ಬಿಟ್ಟು ಮೊದಲು ಬಂದ ಹುಡುಗನನ್ನು ಉಳಿಸುತ್ತಾನೆ. ಆ ಹುಡುಗ ಬೆಳೆದು ಏನಾಗುತ್ತಾನೆ ಎಂಬುದೇ ಕತೆ. ನಡುವಿನ ನಾಲ್ಕೈದು ಸಂಪುಟ ಸುತ್ತುಬಳಸು ಹೆಚ್ಚು, ಒಪ್ಪುತ್ತೇನೆ. ಆದರೆ ಎರಡೇ ಪುಟಕ್ಕೆ ಬಂದು ಹೋಗುವ ಹೋಟೆಲಿನ ಮುದುಕನಿಗೂ ಅವನದೇ ಮುಖ ಕೊಡುವವರು ಉರಾಸಾವಾ ಬಿಟ್ಟರೆ ವಿರಳ. ಪೊಲೀಸ್ ಅಧಿಕಾರಿ ಲುಂಗೆ ಕೇಳಿದ್ದನ್ನು ನೆನಪಿಡಲು ಗಾಳಿಯಲ್ಲಿ ಬೆರಳಾಡಿಸಿ ಟೈಪ್ ಮಾಡುತ್ತಾನೆ. ಸಂಪುಟಗಳ ಆಚೆ, ಬರೀ ಆ ಬೆರಳು ಕಂಡರೂ ಅವನು ಬಂದನೆಂದು ಎದೆ ಝಲ್ಲೆನ್ನುತ್ತದೆ.

ಒಸಾಮು ತೆಜುಕಾನ ‘ಬುದ್ಧ’ (1972–1983) ನನ್ನಲ್ಲಿ ನಾಲ್ಕನೆಯದು. ನಿಮ್ಮ ಹತ್ತರಲ್ಲಿ ಅದು ಇಲ್ಲದ್ದೇ ಆಶ್ಚರ್ಯ. ಭಾರತದ ಕತೆ, ಇಂಗ್ಲಿಷಿನ ಎಂಟು ಸಂಪುಟಗಳ ಭಾರತೀಯ ಆವೃತ್ತಿಯೂ ಬಂದಿದೆ. ಮೊದಲ ಸಂಪುಟದಲ್ಲಿ ಸಿದ್ಧಾರ್ಥ ಹೆಚ್ಚಾಗಿ ಕಾಣಿಸುವುದೇ ಇಲ್ಲ. ಛಾಪ್ರ ಎಂಬ ಗುಲಾಮ, ತತ್ತ ಎಂಬ ಬೀದಿ ಹುಡುಗ, ಇಬ್ಬರೂ ತೆಜುಕಾ ಕಟ್ಟಿದವರು, ಇವರದೇ ಕಾರುಬಾರು. ಚರಿತ್ರೆಯ ಪಾಠಕ್ಕಾಗಿ ತೆರೆದವರು ಸಿಟ್ಟಾಗುತ್ತಾರೆ. ಗಂಭೀರ ಸಾವಿನ ನಡುವೆ ಕೋಡಂಗಿ ಹಾಸ್ಯ ನುಗ್ಗುವುದು ಎಲ್ಲರಿಗೂ ಒಗ್ಗುವುದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರನನ್ನು ಒಪ್ಪಿಕೊಂಡವರಿಗೆ ಮಾತ್ರ ಇದು ಅಷ್ಟು ಕಷ್ಟವಾಗಲಾರದು.

ಮುಗಿಯದವುಗಳಲ್ಲಿ ಮೊದಲನೆಯದು ‘ವ್ಯಾಗಬಾಂಡ್’ ಅಲ್ಲ, ಕಿಯೊಹಿಕೊ ಅಜುಮಾನ ‘ಯೊತ್ಸುಬಾ’. ಐದು ವರ್ಷದ ಹುಡುಗಿ, ಒಂದು ಅಧ್ಯಾಯಕ್ಕೆ ಸಾಮಾನ್ಯವಾಗಿ ಒಂದು ದಿನ, ಏನೂ ನಡೆಯುವುದಿಲ್ಲ. ಏಸಿಯಿಂದ ಭೂಮಿ ಬಿಸಿಯಾಗುತ್ತದೆ ಎಂದು ಕೇಳಿದ್ದೇ ತಡ, ಏಸಿ ಕಂಡವರ ಮನೆಯಲ್ಲಿ ರಂಪ. ಅಷ್ಟೇ. ಅಪ್ಪ-ಮಗಳು ಸರಳ ಗೆರೆಯಲ್ಲಿ, ಹಿಂದಿನ ಬೀದಿ, ಸೈಕಲ್ಲು, ವಿದ್ಯುತ್ ತಂತಿ ಎಲ್ಲ ಕೂದಲೆಳೆಯಷ್ಟು ವಿವರದಲ್ಲಿ. ಮೊದಲ ಬಾರಿ ಮಾಂಗಾ ಹಿಡಿಯುವ ಮಕ್ಕಳಿಗೂ ಅಜ್ಜಂದಿರಿಗೂ ಇದನ್ನೇ ಕೊಡಿ.

ಮಕ್ಕಳ ಮಾತು ಬಂದದ್ದರಿಂದ: ನಿಮ್ಮ ಪಟ್ಟಿ ಪ್ರಕಟವಾದದ್ದು ಮಕ್ಕಳ ಪುಟದ ಎದುರಿಗೆ, ಅದರಲ್ಲಿ ‘ಡೋರೆಮಾನ್’ ಪಕ್ಕದಲ್ಲೇ ‘ಬರ್ಸರ್ಕ್’. ಎರಡನೆಯದರಲ್ಲಿ ಅತ್ಯಾಚಾರ, ಅಂಗಚ್ಛೇದದ ಚಿತ್ರಗಳಿವೆ; ಹದಿನೆಂಟು ದಾಟಿದವರಿಗೆ ಮಾತ್ರ. ಇಂಗ್ಲಿಷ್ ಆವೃತ್ತಿಗಳ ಹಿಂಬದಿಯಲ್ಲಿ ವಯಸ್ಸಿನ ಗುರುತು ಇರುತ್ತದೆ. ವಿಜ್ ಪ್ರಕಾಶನದ ಪುಸ್ತಕಗಳಲ್ಲಿ ‘ಎ’ ಎಂದರೆ ಎಲ್ಲರಿಗೂ, ‘ಟಿ’ ಹದಿಹರೆಯದವರಿಗೆ, ‘ಟಿ ಪ್ಲಸ್’ ಹದಿನಾರರ ಆಸುಪಾಸಿನವರಿಗೆ, ‘ಎಂ’ ದೊಡ್ಡವರಿಗೆ. ‘ಡೆತ್ ನೋಟ್’ ಟಿ ಪ್ಲಸ್, ‘ವ್ಯಾಗಬಾಂಡ್’ ಎಂ. ಹುಟ್ಟುಹಬ್ಬಕ್ಕೆ ಕೊಳ್ಳುವ ಅಪ್ಪ-ಅಮ್ಮ ಮುಖಪುಟ ನೋಡುವ ಮುಂಚೆ ಆ ಮೂಲೆ ನೋಡಲಿ.

ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ, ನಕಲಿ ಪ್ರತಿಗಳದು. ಪಾದಚಾರಿ ಮಾರ್ಗದಲ್ಲೂ ಆನ್‌ಲೈನಿನಲ್ಲೂ ಅರ್ಧ ಬೆಲೆಗೆ ಸಿಗುವ ಸೆಟ್ಟುಗಳಲ್ಲಿ ಇವು ಬಹಳ. ಮಾಂಗಾದ ಬೂದುಬಣ್ಣ ನಿಜವಾಗಿ ಬೂದುಬಣ್ಣವಲ್ಲ, ಒತ್ತೊತ್ತಾದ ಕಪ್ಪು ಚುಕ್ಕಿ. ಅದನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿದರೆ ಚುಕ್ಕಿಗಳು ಒಂದಕ್ಕೊಂದು ಕಲಸಿಕೊಂಡು ಅಲೆಅಲೆಯ ಗೆರೆ ಮೂಡುತ್ತದೆ, ಕಡುಗಪ್ಪು ಮಾಸಲಾಗುತ್ತದೆ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ: ಅಸಲಿಯಲ್ಲಿ ಚುಕ್ಕಿ ದುಂಡಗೆ ಬಿಡಿಬಿಡಿಯಾಗಿರುತ್ತದೆ. ಎರಡು ಸಂಪುಟ ಪಕ್ಕಪಕ್ಕ ನಿಲ್ಲಿಸಿದರೆ ಬೆನ್ನಿನ ಅಕ್ಷರ ಏರುಪೇರಾಗಿರುವುದೂ ನಕಲಿಯ ಲಕ್ಷಣ. ಇಂಥ ಪ್ರತಿ ಓದಿ ‘ಚಿತ್ರ ಸುಮಾರು’ ಎಂದು ತೀರ್ಪು ಕೊಟ್ಟವರು ಬಹಳ ಮಂದಿ ಇದ್ದಾರೆ. ಮೂರು ಸಂಪುಟ ಸೇರಿಸಿದ ದಪ್ಪ ಆವೃತ್ತಿಗಳು ಅಸಲಿಯೇ, ಅಗ್ಗವೂ ಹೌದು. ಆದರೆ ನಡುವಿನ ಮಡಿಕೆ ಜೋಡಿಪುಟದ ಮಧ್ಯಭಾಗವನ್ನು ನುಂಗುತ್ತದೆ, ಬಲವಂತವಾಗಿ ಅಗಲಿಸಿದರೆ ಅಂಟು ಬಿಡುತ್ತದೆ.

ಕಡೆಯದಾಗಿ ನಿಮ್ಮ ಪುಟವಿನ್ಯಾಸದವರ ಗಮನಕ್ಕೆ. ಹಿಂದೆ ಪಾಶ್ಚಾತ್ಯ ಪ್ರಕಾಶಕರು ಓದುಗರ ಅನುಕೂಲಕ್ಕೆಂದು ಮಾಂಗಾ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಸಮುರಾಯಿಗಳೆಲ್ಲ ಎಡಚರಾದರು, ಕಿಮೊನೊದ ಸೆರಗು ಹೆಣಕ್ಕೆ ಉಡಿಸುವ ಹಾಗೆ ಬಲಮಗ್ಗುಲು ಮೇಲಾಗಿ ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಪದ್ಧತಿ ಹೆಚ್ಚುಕಡಿಮೆ ನಿಂತಿತು. ನಿಮ್ಮ ಪುರವಣಿಯಲ್ಲಿ ‘ಸ್ಲ್ಯಾಮ್ ಡಂಕ್’ನ ಚಿತ್ರವನ್ನು ಹಾಗೆಯೇ ತಿರುಗಿಸಿ ಹಾಕಿದ್ದೀರಿ. ಸಾಕುರಾಗಿ ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದಾನೆ, ಅವನ ಅಂಗಿಯ ಮೇಲಿನ 10 ಎಂಬುದು 01 ಆಗಿದೆ. ಮುಂದಿನ ಭಾನುವಾರ ಅದನ್ನೊಂದು ಸರಿಯಾಗಿ ಮರುಮುದ್ರಿಸಿ.

— ಒಬ್ಬ ಓದುಗ, ಮೈಸೂರು